ಸ್ವಯಂನಿರ್ಮಿತ ಸಣ್ಣ ವಿಮಾನದಲ್ಲಿ ಸಾಮಾನಿನ ಭದ್ರತೆ

ಕಾರ್ಖಾನೆಯಲ್ಲಿ ತಯಾರಾಗದೆ, ಆಸಕ್ತನೊಬ್ಬ ತನ್ನ ಮನೆ, ಗ್ಯಾರೇಜು ಅಥವಾ ಶೆಡ್ಡಿನಲ್ಲಿ ನಕ್ಷೆ ನೋಡಿಕೊಂಡೋ ಕಿಟ್ ತರಿಸಿಕೊಂಡೋ ಜೋಡಿಸಿದ ವಿಮಾನಕ್ಕೆ ಸ್ವಯಂನಿರ್ಮಿತ ವಿಮಾನ ಎನ್ನುತ್ತಾರೆ. ಇಂಥ ವಿಮಾನಗಳಲ್ಲಿ ಬಹುಪಾಲು ಒಂದೆರಡು ಆಸನದವು. ಪೈಲಟ್ ತನ್ನ ಬಟ್ಟೆಬರೆಯ ಚೀಲ, ಉಪಕರಣದ ಪೆಟ್ಟಿಗೆ, ವಿಮಾನವನ್ನು ನೆಲಕ್ಕೆ ಕಟ್ಟುವ ಹಗ್ಗ-ಗೂಟ, ನೀರಿನ ಬಾಟಲಿ ಇತ್ಯಾದಿಗಳನ್ನು ಆಸನದ ಹಿಂದಿನ ಪುಟ್ಟ ಜಾಗದಲ್ಲಿ ಇಟ್ಟುಕೊಳ್ಳುತ್ತಾನೆ. ಈ ಸಾಮಾನಿನ ತೂಕ ಎಷ್ಟಿರಬೇಕು, ಅದು ಎಲ್ಲಿ ಕೂರಬೇಕು, ಅದನ್ನು ಯಾವುದಕ್ಕೆ ಹೇಗೆ ಕಟ್ಟಬೇಕು ಎಂಬ ಮೂರು ಪ್ರಶ್ನೆಗಳ ಸುತ್ತ ಈ ವಿಷಯ ಬೆಳೆದಿದೆ.

ಕಾರ್ಖಾನೆಯ ವಿಮಾನದಲ್ಲಿ ಈ ಪ್ರಶ್ನೆಗಳಿಗೆ ತಯಾರಕರೇ ಉತ್ತರ ಬರೆದು ಸಾಮಾನಿನ ಬಾಗಿಲ ಬಳಿ ಫಲಕ ಅಂಟಿಸಿರುತ್ತಾರೆ. ಉದಾಹರಣೆಗೆ, ಭಾರತದ ಹಲವು ತರಬೇತಿ ಶಾಲೆಗಳಲ್ಲಿರುವ ಸೆಸ್ನಾ 172ರಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಹೊಂದಿದ ಮೊದಲ ಜಾಗಕ್ಕೆ 54 ಕಿಲೋ, ಅದರ ಹಿಂದಿನ ಎರಡನೆಯ ಜಾಗಕ್ಕೆ 23 ಕಿಲೋ ಮಿತಿ. ಎರಡೂ ಸೇರಿ 54 ಕಿಲೋ ಮೀರುವಂತಿಲ್ಲ. ಸ್ವಯಂನಿರ್ಮಿತ ವಿಮಾನದಲ್ಲಿ ಈ ಫಲಕವನ್ನು ಬರೆಯುವವನು ಅದನ್ನು ಕಟ್ಟಿದವನೇ. ಎಂಜಿನ್ ಬದಲಿಸಿದ್ದರೆ, ಬ್ಯಾಟರಿ ಹಿಂದಕ್ಕೆ ಸರಿಸಿದ್ದರೆ, ಬಣ್ಣ ದಪ್ಪಗೆ ಬಳಿದಿದ್ದರೆ ಕಿಟ್ ಕಂಪನಿಯ ಲೆಕ್ಕ ಅವನ ವಿಮಾನಕ್ಕೆ ಹಾಗೆಯೇ ಹೊಂದುವುದಿಲ್ಲ. ಆದ್ದರಿಂದ ವಿನ್ಯಾಸಕಾರ, ಕಮ್ಮಾರ, ತೂಕ ಹಾಕುವವ, ಪರೀಕ್ಷಾ ಪೈಲಟ್ ಎಲ್ಲರ ಹೊಣೆಯೂ ಒಬ್ಬನ ಹೆಗಲಿಗೇ ಬರುತ್ತದೆ.

ಹಿನ್ನೆಲೆ

ಭಾರತದ ನಾಗರಿಕ ವಿಮಾನಯಾನದ ಆರಂಭದ ಪುಟಗಳಲ್ಲೇ ಸಣ್ಣ ವಿಮಾನ ಮತ್ತು ಹೊರೆಯ ಸಂಬಂಧ ಕಾಣುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಸುಮಾರು 25 ಕಿಲೋ ಅಂಚೆ ಹೇರಿಕೊಂಡು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹುವಿಗೆ ಬಂದಿಳಿದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮೂಲಕ ಮದ್ರಾಸಿಗೆ ಅಂಚೆ ಮುಟ್ಟಿಸಿದರು. ಇಂದಿನ ಹಲವು ಎರಡಾಸನದ ಸ್ವಯಂನಿರ್ಮಿತ ವಿಮಾನಗಳಲ್ಲಿ ಇಡಬಹುದಾದ ಸಾಮಾನೂ ಹೆಚ್ಚುಕಡಿಮೆ ಅಷ್ಟೇ ತೂಕದ್ದು.

ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸ ಸಂಘಟಿತ ರೂಪ ಪಡೆದದ್ದು ಅಮೆರಿಕದಲ್ಲಿ. ಪಾಲ್ ಪೊಬೆರೆಜ್ನಿ 1953ರಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದರು. 1970ರ ದಶಕದಲ್ಲಿ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅವರ ಆರ್‌ವಿ ಸರಣಿಯ ಲೋಹದ ವಿಮಾನಗಳೂ ಬರ್ಟ್ ರುಟಾನ್ ಅವರ ಫೋಮ್ ಮತ್ತು ಗಾಜಿನ ನಾರಿನ ವಿಮಾನಗಳೂ ಬಂದವು. ಅಲ್ಲಿಯವರೆಗೆ ಸ್ವಯಂನಿರ್ಮಿತ ವಿಮಾನವೆಂದರೆ ಬಹುಮಟ್ಟಿಗೆ ಊರ ಸುತ್ತ ಹಾರಿ ಬರುವ ಯಂತ್ರ. ಹೊಸ ವಿಮಾನಗಳು ವೇಗವಾಗಿ ದೂರ ಹಾರಬಲ್ಲವಾದ್ದರಿಂದ ಅವುಗಳ ಒಡೆಯರು ಚೀಲ ಕಟ್ಟಿಕೊಂಡು ಊರೂರಿಗೆ ಹೊರಟರು. ಹೀಗಾಗಿ ಸಾಮಾನಿನ ಭದ್ರತೆಯತ್ತಲೂ ಗಮನ ಹರಿಸಬೇಕಾಯಿತು.

ಕರ್ನಾಟಕದಲ್ಲಿ ಈ ಪರಂಪರೆಯ ಮುಖ್ಯ ಕುರುಹು ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್. ರುಟಾನ್ ಅವರ ಲಾಂಗ್-ಈಜೀ ನಕ್ಷೆಯನ್ನು ಆಧರಿಸಿ ಅದು ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಸಂಯುಕ್ತ ವಸ್ತುಗಳಿಂದ ವಿಮಾನ ಕಟ್ಟುವ ಕೈಪಳಗುವಿಕೆ ಅಲ್ಲಿ ಶುರುವಾಗಿ, 1993ರಲ್ಲಿ ಮೊದಲು ಹಾರಿದ ಹಂಸ ವಿಮಾನಕ್ಕೆ ನೆರವಾಯಿತು. ಅಕ್ಕಪಕ್ಕದ ಎರಡು ಆಸನಗಳ, 750 ಕಿಲೋ ಗರಿಷ್ಠ ತೂಕದ ಹಂಸ-3 ವಿಮಾನಕ್ಕೆ 2000ದಲ್ಲಿ ಪ್ರಮಾಣಪತ್ರ ಸಿಕ್ಕಿತು. ಬೆಂಗಳೂರಿನದೇ ಆದ ರಾಜ್ ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ಎಕ್ಸ್-ಏರ್ ವಿಮಾನಗಳು ಕಿಟ್ ರೂಪದಲ್ಲಿ ಹೊರದೇಶಗಳಿಗೂ ಹೋದವು. ಮುಂಬಯಿಯಲ್ಲಿ ಕ್ಯಾಪ್ಟನ್ ಅಮೋಲ್ ಯಾದವ್ ಕಾಂದಿವಲಿಯ ಚಾರ್ಕೋಪ್‌ನಲ್ಲಿ ತಾವು ವಾಸಿಸುವ ಕಟ್ಟಡದ ತಾರಸಿಯ ಮೇಲೆ ಆರು ಆಸನದ ವಿಮಾನ ಕಟ್ಟಿ 2016ರ ಫೆಬ್ರವರಿಯಲ್ಲಿ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಇಟ್ಟರು. 2017ರಲ್ಲಿ ಅದಕ್ಕೆ ವಿಟಿ-ಎನ್‌ಎಂಡಿ ಎಂಬ ನೋಂದಣಿ ದೊರೆಯಿತು. ಮುಂದೆ ಅದರ ಪರೀಕ್ಷೆ ಧುಳೆಯಲ್ಲಿ ನಡೆಯಿತು.

ತೂಕ ಮತ್ತು ಸ್ಥಾನ

ಸಾಮಾನಿನ ಭದ್ರತೆಯ ಮೊದಲ ಮೆಟ್ಟಿಲು ಹಗ್ಗವಲ್ಲ, ತಕ್ಕಡಿ. ವಿಮಾನದ ಎಲ್ಲ ತೂಕವೂ ಒಂದೇ ಬಿಂದುವಿನಲ್ಲಿ ಸೇರಿದಂತೆ ವರ್ತಿಸುತ್ತದೆ. ಆ ಬಿಂದುವೇ ಗುರುತ್ವ ಕೇಂದ್ರ. ಅದು ರೆಕ್ಕೆಯ ನಿಗದಿತ ಪಟ್ಟಿಯೊಳಗೆ ಇದ್ದರೆ ಮಾತ್ರ ವಿಮಾನ ಹಿಡಿತಕ್ಕೆ ಸಿಗುತ್ತದೆ. ಬಹುತೇಕ ಸಣ್ಣ ವಿಮಾನಗಳಲ್ಲಿ ಸಾಮಾನಿನ ಜಾಗ ಆಸನದ ಹಿಂದೆ ಇರುವುದರಿಂದ, ಹಾಕಿದ ಪ್ರತಿ ಕಿಲೋ ಗುರುತ್ವ ಕೇಂದ್ರವನ್ನು ಬಾಲದತ್ತ ಎಳೆಯುತ್ತದೆ.

ಲೆಕ್ಕ ಸರಳ. ಎಂಜಿನ್ನನ್ನೂ ಕಾಕ್‌ಪಿಟ್ಟನ್ನೂ ಬೇರ್ಪಡಿಸುವ ಫೈರ್‌ವಾಲ್‌ನಂಥ ಒಂದು ಗುರುತಿನಿಂದ ಪ್ರತಿ ವಸ್ತುವಿಗಿರುವ ದೂರವನ್ನು ಅಳೆದು, ಆ ದೂರದಿಂದ ತೂಕವನ್ನು ಗುಣಿಸಬೇಕು. ಬಂದ ಗುಣಲಬ್ಧಗಳಿಗೆ ಮೊಮೆಂಟ್ ಎನ್ನುತ್ತಾರೆ. ಎಲ್ಲ ಮೊಮೆಂಟುಗಳನ್ನು ಕೂಡಿ ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಎಲ್ಲಿದೆಯೆಂದು ತಿಳಿಯುತ್ತದೆ.

ಮಾದರಿಗಾಗಿ ಎರಡಾಸನದ ವಿಮಾನವೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಗರಿಷ್ಠ ತೂಕ 600 ಕಿಲೋ. ಗುರುತ್ವ ಕೇಂದ್ರದ ಮಿತಿ 0.68 ಮೀಟರ್‌ನಿಂದ 0.86 ಮೀಟರ್.

ಖಾಲಿ ವಿಮಾನ: 340 ಕಿಲೋ, ದೂರ 0.68 ಮೀಟರ್, ಮೊಮೆಂಟ್ 231.2
ಇಬ್ಬರು: 150 ಕಿಲೋ, ದೂರ 1.10 ಮೀಟರ್, ಮೊಮೆಂಟ್ 165
ಪೂರ್ತಿ ಪೆಟ್ರೋಲು: 58 ಕಿಲೋ, ದೂರ 0.60 ಮೀಟರ್, ಮೊಮೆಂಟ್ 34.8
ಸಾಮಾನು: 20 ಕಿಲೋ, ದೂರ 1.75 ಮೀಟರ್, ಮೊಮೆಂಟ್ 35

ಒಟ್ಟು ತೂಕ 568 ಕಿಲೋ, ಮೊಮೆಂಟ್ 466, ಗುರುತ್ವ ಕೇಂದ್ರ 0.82 ಮೀಟರ್. ಎಲ್ಲವೂ ಮಿತಿಯೊಳಗಿದೆ. ಈಗ ಸಾಮಾನನ್ನು 40 ಕಿಲೋಗೆ ಏರಿಸಿದರೆ ಒಟ್ಟು ತೂಕ 588 ಕಿಲೋ, ಗುರುತ್ವ ಕೇಂದ್ರ 0.852. ತೂಕವೂ ಕೇಂದ್ರವೂ ಇನ್ನೂ ಮಿತಿ ದಾಟಿಲ್ಲ. ವಿಮಾನ ಸಲೀಸಾಗಿ ಮೇಲೇಳುತ್ತದೆ. ಆದರೆ ಟ್ಯಾಂಕ್ ಇರುವುದು ಮುಂಭಾಗದಲ್ಲಿ. ಪೆಟ್ರೋಲು ಸುಡುತ್ತ ಹೋದಂತೆ ಮೂಗಿನ ಭಾರ ಕರಗುತ್ತದೆ. ಟ್ಯಾಂಕಿನಲ್ಲಿ 8 ಕಿಲೋ ಉಳಿದಾಗ ಒಟ್ಟು ತೂಕ 538, ಮೊಮೆಂಟ್ 471, ಕೇಂದ್ರ 0.875. ಯಾರೂ ಚೀಲವನ್ನು ಮುಟ್ಟಿಲ್ಲ. ಆದರೂ ವಿಮಾನ ಹಿಂದಿನ ಮಿತಿಯನ್ನು ದಾಟಿದೆ. ಅದೂ ವೇಗ ಇಳಿಸಿ ನೆಲ ಸಮೀಪಿಸುವ ಹೊತ್ತಿಗೆ. ಹಾಗಾಗಿ ಹೊರಡುವಾಗಿನ ಲೆಕ್ಕದ ಜೊತೆಗೆ ಇಳಿಯುವಾಗಿನ ಲೆಕ್ಕವನ್ನೂ ಮಾಡುವುದು ಕಡ್ಡಾಯವೆಂದೇ ಭಾವಿಸಬೇಕು. ಟ್ಯಾಂಕ್ ರೆಕ್ಕೆಯಲ್ಲಿರುವ ವಿಮಾನಗಳಲ್ಲಿ ಕೇಂದ್ರ ಹೀಗೆ ಸರಿಯುವುದು ಕಡಿಮೆ.

ಕೇಂದ್ರ ತೀರ ಹಿಂದೆ ಸರಿದಾಗ ನಿಯಂತ್ರಣ ಕಡ್ಡಿಯ ಹಿಡಿತ ಹಗುರವಾಗಿ, ಸ್ವಲ್ಪ ಎಳೆದರೂ ಮೂಗು ಬೇಕಾದ್ದಕ್ಕಿಂತ ಹೆಚ್ಚು ಏಳುತ್ತದೆ. ವೇಗ ಕಳೆದುಕೊಂಡು ವಿಮಾನ ಸ್ಟಾಲ್ ಆದರೆ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿದರೆ, ಮೂಗು ತಾನಾಗಿ ಕೆಳಗಿಳಿಯದು. ಗಿರಕಿಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಅಸಾಧ್ಯವೇ ಆಗಬಹುದು. ಕೇಂದ್ರ ತೀರ ಮುಂದಿದ್ದರೆ ಇಳಿಯುವಾಗ ಮೂಗೆತ್ತಲು ಬಾಲಕ್ಕೆ ಶಕ್ತಿ ಸಾಲದು. ಎರಡೂ ಕೇಡೇ, ಹಿಂದೆ ಸರಿದದ್ದು ಹೆಚ್ಚು ಮಾರಕ.

ಸಾಮಾನಿನ ಮೇಲೆ ಬೀಳುವ ಬಲಗಳು

ನಿಂತ ವಿಮಾನದಲ್ಲಿ 20 ಕಿಲೋದ ಚೀಲ 20 ಕಿಲೋದ್ದೇ. ಹಾರಾಟದಲ್ಲಿ ಹಾಗಿಲ್ಲ. ಸಾಮಾನ್ಯ ವರ್ಗದ ಸಣ್ಣ ವಿಮಾನವನ್ನು ಗುರುತ್ವದ 3.8 ಪಟ್ಟು, ಅಂದರೆ 3.8 ಜಿ ತಡೆಯುವಂತೆ ವಿನ್ಯಾಸ ಮಾಡುತ್ತಾರೆ. ಆಗ 20 ಕಿಲೋದ ಚೀಲ 76 ಕಿಲೋದ ಭಾರದಿಂದ ನೆಲಹಾಸನ್ನು ಒತ್ತುತ್ತದೆ. ಅದರ ಮೇಲೆ ಒಂದೂವರೆ ಪಟ್ಟು ಸುರಕ್ಷತಾ ಅಂಚು ಸೇರಿಸಿದರೆ 114 ಕಿಲೋ. ತೆಳು ಪ್ಲೈವುಡ್ ಅಥವಾ ತಗಡಿನ ನೆಲಕ್ಕೆ ಅಡಿಯಲ್ಲಿ ಪಕ್ಕೆಲುಬು ಬೇಕಾಗುವುದು ಇದಕ್ಕೇ. ಗಾಳಿ ಕೆಳಮುಖವಾಗಿ ಹೊಡೆದಾಗ ಬಲ ತಿರುಗಿ, ಕಟ್ಟದ ಚೀಲ ಮೇಲೆದ್ದು ಛಾವಣಿಗೆ ಬಡಿಯುತ್ತದೆ. ಬಿದ್ದಾಗ ಅದು ಮೊದಲಿದ್ದ ಜಾಗಕ್ಕೇ ಬೀಳುತ್ತದೆಂಬ ಭರವಸೆಯಿಲ್ಲ.

ಅತಿ ದೊಡ್ಡ ಬಲ ಎದುರಾಗುವುದು ತುರ್ತು ಇಳಿತದಲ್ಲಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗದ್ದೆಗೆ ಇಳಿದ ವಿಮಾನ ಬದುವಿಗೆ ತಾಗಿ ಮೂರು ಮೀಟರ್ ಅಂತರದಲ್ಲಿ ನಿಂತಿತೆನ್ನಿ. ಆಗಿನ ಸರಾಸರಿ ಬಲ ಸುಮಾರು 8.4 ಜಿ. ವೇಗ 100 ಕಿಲೋಮೀಟರ್ ಆಗಿದ್ದರೆ ಅದೇ ಅಂತರದಲ್ಲಿ 13 ಜಿ. ವೇಗ ಕಾಲು ಪಾಲು ಹೆಚ್ಚಿದರೆ ಬಲ ಅರ್ಧಕ್ಕಿಂತ ಹೆಚ್ಚು ಏರುತ್ತದೆ. ವಿಮಾನ ನಿಂತರೂ ಕಟ್ಟದ ಚೀಲ ನಿಲ್ಲುವುದಿಲ್ಲ. ಅದೇ 80 ಕಿಲೋಮೀಟರ್ ವೇಗದಲ್ಲಿ ಮುಂದಿನವರ ಕುತ್ತಿಗೆ, ತಲೆಗಳತ್ತ ಸಾಗುತ್ತದೆ. ಎಂಟು ಮಹಡಿಯ ಕಟ್ಟಡದ ತಾರಸಿಯಿಂದ ಅದೇ ಚೀಲ ಕೆಳಗೆ ಬಿದ್ದರೆ ತಾಗುವ ವೇಗವೂ ಅಷ್ಟೇ. ಪಟ್ಟಿ ಕಟ್ಟಿಕೊಂಡು ಕುಳಿತವರು ಅಪ್ಪಳಿಕೆಯಿಂದ ಪಾರಾಗಿ ತಮ್ಮ ಸಾಮಾನಿನಿಂದಲೇ ಗಾಯಗೊಳ್ಳುವ ಸಾಧ್ಯತೆ ಇರುವುದು ಹೀಗೆ.

ಅಮೆರಿಕದ ವಿಮಾನ ನಿಯಮಾವಳಿಯ 23ನೆಯ ಭಾಗವನ್ನು 2017ರಲ್ಲಿ ಹೊಸದಾಗಿ ಬರೆಯುವ ಮುಂಚೆ ಅದರಲ್ಲಿ ಈ ಬಗ್ಗೆ ಸ್ಪಷ್ಟ ಅಂಕಿಗಳಿದ್ದವು. ಜನರ ಹಿಂದಿರುವ ಸಾಮಾನಿನ ಜಾಗ, ಗರಿಷ್ಠ ಹೊರೆ ತುಂಬಿದ್ದಾಗ ಮುಮ್ಮುಖವಾಗಿ 9 ಜಿ ಬಲ ಬಂದರೂ ಕುಳಿತವರನ್ನು ಕಾಪಾಡಬೇಕು; ಕ್ಯಾಬಿನ್ನಿನೊಳಗೆ ಗಾಯ ಮಾಡಬಲ್ಲ ಭಾರದ ವಸ್ತುಗಳನ್ನು ಮುಮ್ಮುಖವಾಗಿ 18 ಜಿ, ಮೇಲ್ಮುಖವಾಗಿ 3 ಜಿ, ಪಕ್ಕಕ್ಕೆ 4.5 ಜಿ ತಡೆಯುವಂತೆ ಬಿಗಿಯಬೇಕು ಎಂದಿತ್ತು. ಸ್ವಯಂನಿರ್ಮಿತ ವಿಮಾನಕ್ಕೆ ಈ ನಿಯಮ ನೇರವಾಗಿ ಅನ್ವಯಿಸದು. ಆದರೂ ಬಲ್ಲ ನಿರ್ಮಾಪಕರು ಚೀಲಕ್ಕೆ ಕನಿಷ್ಠ 9 ಜಿ, ಬ್ಯಾಟರಿ, ಆಮ್ಲಜನಕದ ಸಿಲಿಂಡರ್, ಅಗ್ನಿಶಾಮಕಗಳಂಥ ಗಟ್ಟಿ ವಸ್ತುಗಳಿಗೆ 18 ಜಿ ಎಂದು ಹಿಡಿದು ಕೆಲಸ ಮಾಡುತ್ತಾರೆ. ಮನುಷ್ಯನ ತಲೆಬುರುಡೆಗೆ ವಿಮಾನ ಯಾವ ವರ್ಗದ್ದೆಂಬುದು ತಿಳಿಯದು. ಆದ್ದರಿಂದ ಅಂಕಿಯನ್ನು ಕಡಿಮೆ ಮಾಡಿಕೊಳ್ಳಲು ಕಾರಣವಿಲ್ಲ.

ಕಟ್ಟುವ ಕ್ರಮ

ಚೀಲದಿಂದ ಹೊರಟ ಬಲ ಮೊದಲು ಬಲೆಗೆ, ಬಲೆಯಿಂದ ಪಟ್ಟಿಗೆ, ಪಟ್ಟಿಯಿಂದ ಬಕಲ್‌ಗೆ, ಬಕಲ್‌ನಿಂದ ಕೊಂಡಿಗೆ, ಕೊಂಡಿಯಿಂದ ಅದು ಕೂತ ತಗಡಿನ ತುಂಡಿಗೆ, ಅಲ್ಲಿಂದ ವಿಮಾನದ ಎಲುಬಿಗೆ ಹರಿಯುತ್ತದೆ. ಈ ದಾರಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಕಡೆಯೇ ಒಟ್ಟು ವ್ಯವಸ್ಥೆಯ ಬಲವನ್ನು ತೀರ್ಮಾನಿಸುತ್ತದೆ. ಟನ್ನುಗಟ್ಟಲೆ ಭಾರ ತಡೆಯುವ ಪಟ್ಟಿ ತಂದು ಅದರ ಕೊಂಡಿಯನ್ನು ಹೊರಮೈಯ ತೆಳು ತಗಡಿಗೆ ಎರಡು ಪಾಪ್ ರಿವೆಟ್‌ಗಳಿಂದ ಹೊಡೆದರೆ ಆ ಪಟ್ಟಿಯಿಂದ ಲಾಭವೇನೂ ಇಲ್ಲ. ರಿವೆಟ್ ಅಡ್ಡ ಬಲವನ್ನು ಚೆನ್ನಾಗಿ ತಡೆಯುತ್ತದೆ. ನೇರ ಕಿತ್ತೆಳೆತಕ್ಕೆ ಬೇಗ ಸೋಲುತ್ತದೆ. ಕೊಂಡಿಗಳನ್ನು ವಿಮಾನದ ಉದ್ದಕ್ಕೆ ಓಡುವ ಲಾಂಜೆರಾನ್‌ಗಳಿಗೆ ಇಲ್ಲವೇ ಅಡ್ಡ ಚೌಕಟ್ಟುಗಳಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಬಳಸುವ ಎಎನ್-3 ಬೋಲ್ಟ್ 4.8 ಮಿಲಿಮೀಟರ್ ದಪ್ಪದ್ದಾದರೂ ಸುಮಾರು 1,000 ಕಿಲೋ ಎಳೆತ ತಾಳುತ್ತದೆ. ಆದ್ದರಿಂದ ಮುರಿಯುವುದು ಬೋಲ್ಟಲ್ಲ. ಅದರ ಸುತ್ತಲಿನ ತಗಡು. ಹಿಂಬದಿಗೆ ದಪ್ಪ ತಟ್ಟೆ ಕೊಟ್ಟು ಬಲವನ್ನು ಹರಡಬೇಕು. ಗಾಜಿನ ನಾರಿನ ವಿಮಾನದಲ್ಲಿ ಫೋಮ್‌ಗೆ ನೇರ ಸ್ಕ್ರೂ ಹಾಕದೆ, ಆ ಜಾಗದಲ್ಲಿ ಗಟ್ಟಿ ತುಂಡು ಹುದುಗಿಸಿ ಮೇಲೆ ನಾರಿನ ಪದರ ಹೊದಿಸುವುದು ಕ್ರಮ.

ಪಟ್ಟಿ ಎಳೆಯುವ ಕೋನ ಎಷ್ಟು ಮುಖ್ಯವೆಂಬುದನ್ನು ಹಲವರು ಗಮನಿಸುವುದಿಲ್ಲ. 20 ಕಿಲೋದ ಚೀಲದ ಮೇಲೆ 9 ಜಿ ಬಂದರೆ ಮುಮ್ಮುಖ ಬಲ 180 ಕಿಲೋ. ಚೀಲದ ಮುಂಬದಿಯನ್ನು ಬಳಸಿ ಬಂದ ಪಟ್ಟಿಯ ಎರಡು ತುದಿಗಳೂ ಹಿಂದಕ್ಕೆ ಚಾಚಿ, ಬಲದ ದಿಕ್ಕಿಗೆ 30 ಡಿಗ್ರಿ ಕೋನದಲ್ಲಿ ಕೊಂಡಿಗೆ ಸೇರಿದ್ದರೆ ಒಂದೊಂದು ತುದಿಗೂ ಬೀಳುವ ಎಳೆತ ಸುಮಾರು 104 ಕಿಲೋ. ಅದೇ ಪಟ್ಟಿಯನ್ನು ಚೀಲದ ಮುಂದೆ ಅಡ್ಡಕ್ಕೆ ಬಿಗಿಯಾಗಿ, ಬಲದ ದಿಕ್ಕಿಗೆ 80 ಡಿಗ್ರಿ ಆಗುವಂತೆ ಕಟ್ಟಿದರೆ ಒಂದೊಂದು ತುದಿಗೂ 518 ಕಿಲೋ ಬೀಳುತ್ತದೆ. ಚೀಲ ಅದೇ, ಪಟ್ಟಿ ಅದೇ. ಕೊಂಡಿ ಕೂತ ಜಾಗ ಬದಲಾದದ್ದಕ್ಕೆ ಹೊರೆ ಐದು ಪಟ್ಟು. ಹಿಂದಿನ ಕೊಂಡಿಗಳನ್ನು ಚೀಲದ ಹಿಂದಕ್ಕೂ ನೆಲಮಟ್ಟಕ್ಕೂ ಇಡುವುದು, ಮೇಲೆ ಹಾರದಂತೆ ಬಲೆಯ ಇನ್ನೆರಡು ತುದಿಗಳನ್ನು ಕೆಳಮುಖವಾಗಿ ಎಳೆಯುವುದು ಒಳ್ಳೆಯ ರೂಢಿ. ನಾಲ್ಕು ಕೊಂಡಿಗಳಿದ್ದರೂ ಬಲ ನಾಲ್ಕಕ್ಕೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಚೀಲ ಓರೆಯಾದರೆ ಒಂದೆರಡು ಕೊಂಡಿಗಳೇ ಎಲ್ಲವನ್ನೂ ಹೊರಬೇಕಾಗುತ್ತದೆ; ಪ್ರತಿ ಕೊಂಡಿಯನ್ನೂ ಅದಕ್ಕೆ ತಕ್ಕಂತೆ ಗಟ್ಟಿ ಮಾಡಬೇಕು.

ಬಲೆಗೆ ಪಾಲಿಯೆಸ್ಟರ್ ಪಟ್ಟಿ ವಾಸಿ. ನೈಲಾನ್ ಎಳೆದಾಗ ಹೆಚ್ಚು ಹಿಗ್ಗುತ್ತದೆ. ಬಲೆಯ ಕಣ್ಣುಗಳು ಅತಿ ಸಣ್ಣ ವಸ್ತುವಿಗಿಂತ ಚಿಕ್ಕವಾಗಿರಬೇಕು, ಇಲ್ಲವಾದರೆ ಟಾರ್ಚು, ಸ್ಪ್ಯಾನರ್‌ಗಳು ತೂರಿ ಬರುತ್ತವೆ. ಸಣ್ಣಪುಟ್ಟ ವಸ್ತುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆಮೇಲೆ ಆ ಚೀಲವನ್ನು ಬಲೆಯಡಿ ಇಡಬೇಕು. ಸ್ಕೂಟರಿನ ಹಿಂದೆ ಸಾಮಾನು ಕಟ್ಟುವ ರಬ್ಬರ್ ಹಗ್ಗ ವಿಮಾನದ ಮುಖ್ಯ ಕಟ್ಟಿಗೆ ಸಲ್ಲದು. ಅದು ಹಿಗ್ಗಿ ಚೀಲವನ್ನು ಮುಂದಕ್ಕೆ ಬಿಟ್ಟು, ಅದು ವೇಗ ಪಡೆದ ಮೇಲೆ ತಡೆಯುತ್ತದೆ. ಕೊಂಡಿ ಬಿಚ್ಚಿಕೊಂಡರೆ ತಾನೇ ಚಿಮ್ಮಿ ಕಣ್ಣಿಗೆ ಬಡಿಯಬಹುದು. ಬಕಲ್ ಹಾಕಿದ ಮೇಲೆ ಪಟ್ಟಿಯ ಉಳಿದ ಬಾಲವನ್ನು ಸುತ್ತಿ ಸಿಕ್ಕಿಸಬೇಕು. ಸಡಿಲವಾಗಿ ಜೋತ ಬಾಲ ಚಕ್ಕರ್ ಹಾಕಿ ನಿಯಂತ್ರಣ ತಂತಿಯ ರಾಟೆಗೆ ಸಿಕ್ಕಿಕೊಂಡರೆ ಅದನ್ನು ಹಾರಾಟದಲ್ಲಿ ಬಿಡಿಸಲು ಕೈ ನಿಲುಕುವುದಿಲ್ಲ.

ಸೀಟಿನ ಬೆನ್ನು ತಡೆಗೋಡೆಯಾಗುತ್ತದೆಂದು ನಂಬುವುದು ಸಾಮಾನ್ಯ ತಪ್ಪು. ಬಹಳಷ್ಟು ಕಿಟ್ ವಿಮಾನಗಳಲ್ಲಿ ಸೀಟಿನ ಬೆನ್ನು ಕೀಲು ಹಾಕಿದ ಹಗುರ ತಗಡು. ಮುಂದಕ್ಕೆ ಮಡಚುವ ಬೆನ್ನು ಚೀಲದ ತೂಕವನ್ನು ನೇರವಾಗಿ ಕುಳಿತವರ ಬೆನ್ನೆಲುಬಿಗೆ ದಾಟಿಸುತ್ತದೆ. ಸಾಮಾನಿನ ಬಲೆ ಸೀಟನ್ನು ನೆಚ್ಚದೆ ತಾನೇ ತಡೆಯುವಂತಿರಬೇಕು.

ವಿಮಾನದ ಬಗೆಗೆ ತಕ್ಕ ವ್ಯವಸ್ಥೆ

ಅಕ್ಕಪಕ್ಕ ಕೂರುವ ವಿಮಾನಗಳಲ್ಲಿ ಜಾಗ ಅಗಲವಾಗಿರುವುದರಿಂದ ಚೀಲ ಪಕ್ಕಕ್ಕೆ ಜಾರುವ ಭಯ ಹೆಚ್ಚು. ಅಲ್ಲಿ ನಡುವೆ ತಡಿಕೆ ಅಥವಾ ಅಡ್ಡ ಪಟ್ಟಿ ಬೇಕು. ಒಬ್ಬರ ಹಿಂದೊಬ್ಬರು ಕೂರುವ ವಿಮಾನಗಳಲ್ಲಿ ಸಾಮಾನಿನ ಜಾಗ ಬಾಲಕ್ಕೆ ಇನ್ನೂ ಹತ್ತಿರ. ಆರ್‌ವಿ-8 ಮಾದರಿಯಲ್ಲಿ ಮುಂಭಾಗದಲ್ಲೂ ಒಂದು ಸಾಮಾನಿನ ಗೂಡು ಇರುವುದರಿಂದ ತೂಕವನ್ನು ಮುಂದಕ್ಕೂ ಹಿಂದಕ್ಕೂ ಹಂಚಿ ಸಮತೋಲ ಕಾಯಬಹುದು. ಲಾಂಗ್-ಈಜೀಯಲ್ಲಿ ರೆಕ್ಕೆಯ ಬುಡ ಮುಂದಕ್ಕೆ ಚಾಚಿದ ಭಾಗದಲ್ಲಿ, ಗುರುತ್ವ ಕೇಂದ್ರಕ್ಕೆ ಸಮೀಪವಾಗಿ ಸಾಮಾನಿನ ಜಾಗವಿದೆ. ಅದರ ಪ್ರೊಪೆಲ್ಲರ್ ಹಿಂದಿರುವುದರಿಂದ ಬೇರೊಂದು ಎಚ್ಚರಿಕೆ ಬೇಕು: ಹಾರಾಟದಲ್ಲಿ ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವಾದ ಕ್ಯಾನೊಪಿ ತೆರೆದು ಟೋಪಿ, ನಕ್ಷೆ ಹೊರಹಾರಿದರೆ ನೇರ ಪ್ರೊಪೆಲ್ಲರಿಗೆ ಹೋಗಿ ತಾಗುತ್ತವೆ. ಎಕ್ಸ್-ಏರ್‌ನಂಥ, ಅಲ್ಯೂಮಿನಿಯಂ ಕೊಳವೆಗಳಿಗೆ ಬಟ್ಟೆ ಹೊದಿಸಿದ ವಿಮಾನಗಳಲ್ಲಿ ಏನನ್ನು ಕಟ್ಟಿದರೂ ಕೊಳವೆಗೇ ಕಟ್ಟಬೇಕು. ಕೊಳವೆಗೆ ತೂತು ಕೊರೆದರೆ ಅದು ಅಲ್ಲಿಯೇ ಸೀಳುವ ಅಪಾಯವಿದೆ. ಸುತ್ತ ತಬ್ಬುವ ಹಿಡಿಕೆ ಬಳಸಬೇಕು.

ಇಡುವ ಮುನ್ನ ನೋಡಬೇಕಾದ್ದು

ಸಾಮಾನಿನ ನೆಲದಡಿಯಲ್ಲೇ ಹಲವು ವಿಮಾನಗಳಲ್ಲಿ ಬಾಲದ ನಿಯಂತ್ರಣ ಸರಳುಗಳೂ ತಂತಿಗಳೂ ಓಡುತ್ತವೆ. ನೆಲ ತಗ್ಗಿ ಸರಳಿಗೆ ತಾಗದಂತೆ, ಸಂದಿನಲ್ಲಿ ಪೆನ್ನು, ನಾಣ್ಯ ಬೀಳದಂತೆ ಮುಚ್ಚಿರಬೇಕು. ಚೀಲ ತುಂಬಿದ ಮೇಲೆ ಕಡ್ಡಿಯನ್ನು ನಾಲ್ಕೂ ತುದಿಗೆ ಆಡಿಸಿ, ಪೆಡಲುಗಳನ್ನು ಪೂರ್ತಿ ಒತ್ತಿ ನೋಡದೆ ಎಂಜಿನ್ ಚಾಲೂ ಮಾಡಬಾರದು. ಕಾಲಡಿಯಲ್ಲಿ ಉರುಳಾಡುವ ನೀರಿನ ಬಾಟಲಿ ಪೆಡಲಿನ ಹಿಂದೆ ಸೇರಿಕೊಂಡರೆ ನೆಲದ ಮೇಲಿನ ಓಟದಲ್ಲೇ ವಿಮಾನ ಹಾದಿ ತಪ್ಪುತ್ತದೆ.

ಅಗ್ನಿಶಾಮಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳು ಸಾಮಾನಿನಡಿ ಹೂತುಹೋಗದೆ, ಪಟ್ಟಿ ಬಿಚ್ಚದೆ ಕೈಗೆ ಸಿಗಬೇಕು. ಅಪಘಾತದಲ್ಲಿ ತಾನಾಗಿ ಸಂಕೇತ ಕಳಿಸುವ ತುರ್ತು ಟ್ರಾನ್ಸ್‌ಮಿಟರ್‌ನ ತಂತಿಗೆ ಚೀಲ ತಿಕ್ಕಬಾರದು. ಎಲೆಕ್ಟ್ರಾನಿಕ್ ದಿಕ್ಸೂಚಿಯ ಸಂವೇದಕವನ್ನು ಕೆಲವರು ಬಾಲದ ಭಾಗದಲ್ಲಿ ಕೂರಿಸಿರುತ್ತಾರೆ. ಅದರ ಪಕ್ಕದಲ್ಲಿ ಕಬ್ಬಿಣದ ಉಪಕರಣ ಅಥವಾ ಸ್ಪೀಕರ್ ಇಟ್ಟರೆ ದಿಕ್ಕು ತಪ್ಪಾಗಿ ತೋರುತ್ತದೆ. ಲಿಥಿಯಂ ಪವರ್ ಬ್ಯಾಂಕ್ ಹಿಂದಿನ ಚೀಲದಲ್ಲಿ ಹೊತ್ತಿಕೊಂಡರೆ ಆರಿಸಲು ದಾರಿಯಿಲ್ಲ, ಅದು ಕಣ್ಣಿಗೆ ಕಾಣುವಲ್ಲಿ, ಕೈಗೆ ಸಿಗುವಲ್ಲಿ ಇರಲಿ. ಪೆಟ್ರೋಲಿನ ಕ್ಯಾನು, ಅಡುಗೆ ಅನಿಲದ ಪುಟ್ಟ ಸಿಲಿಂಡರ್‌ಗಳಿಗೆ ಕ್ಯಾಬಿನ್ನಿನಲ್ಲಿ ಜಾಗವೇ ಇರಬಾರದು. ಭಾರದ ವಸ್ತು ಕೆಳಗೆ ಮತ್ತು ಮುಂದೆ, ಹಗುರದ್ದೂ ಮೆತ್ತನೆಯದೂ ಮೇಲೆ ಮತ್ತು ಹಿಂದೆ ಎಂಬುದು ತುಂಬುವ ಕ್ರಮ. ಗಟ್ಟಿ ಸೂಟ್‌ಕೇಸಿಗಿಂತ ಮೆತ್ತನೆಯ ಚೀಲ ಎಲ್ಲ ರೀತಿಯಲ್ಲೂ ಒಳ್ಳೆಯದು.

ಅಪಘಾತಗಳು ಕಲಿಸಿದ್ದು

2001ರ ಆಗಸ್ಟ್ 25ರಂದು ಬಹಾಮಾಸ್‌ನ ಮಾರ್ಷ್ ಹಾರ್ಬರ್‌ನಲ್ಲಿ ಸೆಸ್ನಾ 402 ವಿಮಾನ ಮೇಲೆದ್ದ ಕೂಡಲೇ ಬಿದ್ದು, ಗಾಯಕಿ ಆಲಿಯಾ ಸೇರಿ ಅದರಲ್ಲಿದ್ದ ಒಂಬತ್ತೂ ಮಂದಿ ತೀರಿಕೊಂಡರು. ವಿಮಾನದ ಮಿತಿಗಿಂತ ಸುಮಾರು 320 ಕಿಲೋ ಹೆಚ್ಚು ಹೊರೆ ಇತ್ತು, ಗುರುತ್ವ ಕೇಂದ್ರವೂ ಹಿಂದಿನ ಮಿತಿ ದಾಟಿತ್ತು. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಿಂದ ಹೊರಟ ನ್ಯಾಷನಲ್ ಏರ್‌ಲೈನ್ಸ್‌ನ ಬೋಯಿಂಗ್ 747 ಸರಕು ವಿಮಾನದಲ್ಲಿ ಸೇನಾ ವಾಹನ ಕಟ್ಟು ಬಿಚ್ಚಿಕೊಂಡು ಹಿಂದಕ್ಕೆ ಜಾರಿ, ಬಾಲದ ನಿಯಂತ್ರಣ ವ್ಯವಸ್ಥೆಯನ್ನೇ ಜಖಂ ಮಾಡಿತು. ಏಳು ಸಿಬ್ಬಂದಿ ಸತ್ತರು. ಮೊದಲನೆಯದು ತೂಕ ಮತ್ತು ಸ್ಥಾನದ ಲೆಕ್ಕ ತಪ್ಪಿದ್ದು, ಎರಡನೆಯದು ಕಟ್ಟು ತಪ್ಪಿದ್ದು. ಅಲ್ಲಿ ಟನ್ನುಗಳಲ್ಲಿ ನಡೆದದ್ದು ಪುಟ್ಟ ವಿಮಾನದಲ್ಲಿ ಕಿಲೋಗಳಲ್ಲಿ ನಡೆಯಬಲ್ಲದು. ಒಟ್ಟು 550 ಕಿಲೋದ ವಿಮಾನದಲ್ಲಿ 20 ಕಿಲೋ ಎಂದರೆ ಸಣ್ಣ ಪಾಲೇನಲ್ಲ.

ಪರೀಕ್ಷೆ ಮತ್ತು ನಿಯಮ

ಭಾರತದಲ್ಲಿ ವಿಮಾನದ ನೋಂದಣಿ, ಹಾರಾಟದ ಅನುಮತಿ ಎರಡೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಕೈಯಲ್ಲಿವೆ. 1934ರ ವಿಮಾನ ಕಾಯಿದೆಯ ಬದಲು ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಯಾವ ದೇಶದಲ್ಲಾದರೂ ಸ್ವಯಂನಿರ್ಮಿತ ವಿಮಾನವನ್ನು ಹಾರಿಸುವ ಮುನ್ನ ಅದನ್ನು ತಕ್ಕಡಿಗಳ ಮೇಲೆ ನಿಲ್ಲಿಸಿ, ಪ್ರತಿ ಚಕ್ರದ ಭಾರ ಅಳೆದು, ಖಾಲಿ ತೂಕ ಮತ್ತು ಕೇಂದ್ರವನ್ನು ದಾಖಲಿಸುವುದು ಮೊದಲ ಕೆಲಸ. ಮುಂದೆ ಉಪಕರಣ ಸೇರಿಸಿದರೆ, ತೆಗೆದರೆ ಮತ್ತೆ ತೂಗಬೇಕು.

ಆರಂಭದ ಪರೀಕ್ಷಾ ಹಾರಾಟಗಳಲ್ಲಿ ಸಹಪ್ರಯಾಣಿಕರನ್ನು ಕೂರಿಸುವುದಿಲ್ಲ. ಅಮೆರಿಕದಲ್ಲಿ ಈ ಹಂತ ಸಾಮಾನ್ಯವಾಗಿ 25ರಿಂದ 40 ಗಂಟೆ. ಮರಳಿನ ಮೂಟೆಗಳನ್ನು ಸಾಮಾನಿನ ಜಾಗದಲ್ಲಿ ಇಟ್ಟು, ಪ್ರತಿ ಹಾರಾಟಕ್ಕೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಎತ್ತರದಲ್ಲಿ ವಿಮಾನದ ನಡತೆ ಗಮನಿಸುತ್ತ ಹಿಂದಿನ ಮಿತಿಯವರೆಗೆ ಹೋಗುತ್ತಾರೆ. ಆ ಮರಳು ಮೂಟೆಗಳನ್ನೂ ಬಲೆಯಡಿ ಬಿಗಿಯಾಗಿ ಕಟ್ಟಬೇಕು. ಸ್ಟಾಲ್ ಪರೀಕ್ಷೆಯ ನಡುವೆ ಮೂಟೆ ಬಾಲಕ್ಕೆ ಜಾರಿದರೆ ಪರೀಕ್ಷೆಯೇ ದುರಂತವಾದೀತು. ಕೊಂಡಿಗಳ ಬಲವನ್ನು ನೆಲದ ಮೇಲೆಯೇ ಅಳೆಯಬಹುದು: ಚೈನ್ ಪುಲ್ಲಿ ಮತ್ತು ತೂಗುಮಾಪಕ ಜೋಡಿಸಿ, ಬಲ ಬರುವ ದಿಕ್ಕಿನಲ್ಲೇ ಮೆಲ್ಲಗೆ ಎಳೆದು, ತಗಡು ಸುಕ್ಕಾಗುತ್ತದೆಯೇ, ರಿವೆಟ್ ಅಲುಗುತ್ತದೆಯೇ ಎಂದು ನೋಡುವುದು. ಇಷ್ಟಾದ ಮೇಲೆ ಬರೆದ ಫಲಕಕ್ಕೆ ಬೆಲೆಯಿದೆ. ಊಹಿಸಿ ಬರೆದ ಅಂಕಿ ಮುಂದೆ ಆ ವಿಮಾನ ಕೊಳ್ಳುವವನನ್ನೂ ಮೋಸಗೊಳಿಸುತ್ತದೆ.

ಬೇಲಾಪುರ ಮತ್ತು ಸುತ್ತಲಿನ ಪ್ರದೇಶ

ವಿಮಾನ ಇಡುವ ಊರಿನ ಹವೆ, ನೆಲಗಳೂ ಸಾಮಾನಿನ ಭದ್ರತೆಯನ್ನು ಪ್ರಭಾವಿಸುತ್ತವೆ; ಉದಾಹರಣೆಗೆ ಬೇಲಾಪುರವನ್ನು ನೋಡೋಣ. ಪನ್ವೇಲ್ ಖಾಡಿಯ ದಂಡೆಯ ಬೇಲಾಪುರ ನವಿ ಮುಂಬಯಿಯ ಆಡಳಿತದ ನಡುಮನೆ. 1970ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊದ ಪ್ರಧಾನ ಕಚೇರಿ ಇಲ್ಲಿದೆ. ಅದು ಪಾಲುದಾರನಾಗಿರುವ ನವಿ ಮುಂಬಯಿ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ಪ್ರಯಾಣಿಕ ವಿಮಾನಗಳು ಹಾರತೊಡಗಿದವು. ಆದರೆ ಹವ್ಯಾಸಿ ನಿರ್ಮಾಪಕನ ಪುಟ್ಟ ವಿಮಾನಕ್ಕೆ ಇಂಥ ದೊಡ್ಡ ನಿಲ್ದಾಣ ಪರೀಕ್ಷೆಯ ಜಾಗವಾಗದು. ಕಲ್ಯಾಣದ ಬಳಿ ನೇವಾಳಿಯಲ್ಲಿ ಎರಡನೆಯ ಮಹಾಯುದ್ಧದ ಕಾಲದ ಓಡುದಾರಿ ಇತ್ತು, ಅಲ್ಲೀಗ ಹಾರಾಟವಿಲ್ಲ. ಕಾಂದಿವಲಿಯ ತಾರಸಿಯಲ್ಲಿ ಹುಟ್ಟಿದ ವಿಮಾನ ಧುಳೆಗೆ ಹೋಗಬೇಕಾದಂತೆ, ಠಾಣೆ, ಡೊಂಬಿವಲಿ, ಬೇಲಾಪುರಗಳಲ್ಲಿ ಕಟ್ಟುವವರೂ ಬಿಡಿಭಾಗಗಳನ್ನು ಲಾರಿಯಲ್ಲಿ ದೂರದ ಓಡುದಾರಿಗೆ ಸಾಗಿಸಬೇಕಾಗುತ್ತದೆ. ಸಾಗಿಸಿ ಮರುಜೋಡಿಸಿದ ಮೇಲೆ ಕೊಂಡಿ, ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಇಲ್ಲಿನ ಹವೆ ಸಾಮಾನಿನ ಕಟ್ಟಿಗೆ ಶತ್ರು. ವರ್ಷಕ್ಕೆ 2,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಖಾಡಿಯ ಉಪ್ಪುಗಾಳಿ. ಅಲ್ಯೂಮಿನಿಯಂ ಚೌಕಟ್ಟಿಗೆ ಉಕ್ಕಿನ ಕೊಂಡಿ ತಾಗಿದ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಲ್ಪಡುತ್ತದೆ. ನಡುವೆ ಪ್ರೈಮರ್ ಬಳಿದು ನಿರೋಧಕ ಪದರ ಹಾಕಬೇಕು. ಬಕಲ್ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದರೆ ಹೊರಗೆ ಕಾಣುವುದಿಲ್ಲ. ಹಲ್ಲು ಪಟ್ಟಿಯನ್ನು ಕಚ್ಚಿದಂತೆ ಕಂಡರೂ ಜೋರಾಗಿ ಎಳೆದಾಗ ಜಾರುತ್ತದೆ. ಕ್ಯಾನೊಪಿಯಡಿ ಬಿಸಿಲಿಗೆ ಬಿದ್ದ ಪಟ್ಟಿ ಬಣ್ಣ ಕಳೆದುಕೊಂಡು ಬಿರುಸಾಗಿದ್ದರೆ, ಅಂಚಿನ ನೂಲು ಎದ್ದಿದ್ದರೆ ಅದನ್ನು ಬದಲಿಸಬೇಕು. ಮಳೆಗಾಲ ಮುಗಿದ ಮೇಲೆ ಎಲ್ಲ ಕಟ್ಟುಗಳನ್ನೂ ಬಿಚ್ಚಿ, ಒಣಗಿಸಿ, ಒಂದೊಂದಾಗಿ ಎಳೆದು ನೋಡುವುದು ಕೊಂಕಣ ತೀರದಲ್ಲಿ ವಿಮಾನ ಇಟ್ಟುಕೊಂಡವರಿಗೆ ವಾರ್ಷಿಕ ನೇಮವಾಗಬೇಕು.

ಭೂಪ್ರದೇಶದ ಪಾತ್ರವೂ ಇದೆ. ಬೇಲಾಪುರದ ಬೆನ್ನಿಗೆ ಪಾರಸಿಕ್ ಗುಡ್ಡ, ಪೂರ್ವಕ್ಕೆ ಸುಮಾರು 800 ಮೀಟರ್ ಎತ್ತರದ ಮಾಥೇರಾನ್, ಅದರಾಚೆ ಸಹ್ಯಾದ್ರಿಯ ಗೋಡೆ. ಕರಾವಳಿಯಿಂದ ಪುಣೆ, ಬೆಳಗಾವಿ, ಬೆಂಗಳೂರಿನತ್ತ ಹೊರಟ ಪುಟ್ಟ ವಿಮಾನ ಈ ಗೋಡೆಯನ್ನು ಏರಿ ದಾಟಬೇಕು. ಬೇಸಗೆಯ ಮಧ್ಯಾಹ್ನ ಕಾದ ಬಂಡೆಗಳಿಂದ ಏಳುವ ಬಿಸಿಗಾಳಿ, ಘಟ್ಟದ ಮರೆಯಲ್ಲಿ ಸುರುಳಿಗಟ್ಟುವ ಗಾಳಿ ವಿಮಾನವನ್ನು ಎತ್ತಿ ಕುಕ್ಕುತ್ತವೆ. ಘಟ್ಟ ಮುಟ್ಟುವ ಮೊದಲೇ ಬಲೆಯನ್ನು ಇನ್ನೊಮ್ಮೆ ಬಿಗಿದು ನೋಡುವುದು, ಬೆಳಗಿನ ತಂಪು ಹೊತ್ತಿನಲ್ಲಿ ದಾಟುವುದು ಇಲ್ಲಿ ಹಾರುವವರಿಗೆ ಹೇಳಬೇಕಾದ ಮಾತು.

ಭಾರತದಲ್ಲಿ ಸ್ವಯಂನಿರ್ಮಿತ ವಿಮಾನಗಳು ಇನ್ನೂ ವಿರಳ. ಕಟ್ಟುವವರು ಎಂಜಿನ್, ರೆಕ್ಕೆ, ಉಪಕರಣಗಳ ಬಗ್ಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಸಾಮಾನಿನ ಮೂಲೆಯನ್ನು ಕೊನೆಗೆ ಉಳಿಸಿಕೊಳ್ಳುವುದುಂಟು. ಆಗ ಚೌಕಟ್ಟು ಮುಚ್ಚಿಹೋಗಿ, ಕೊಂಡಿಗೆ ಗಟ್ಟಿ ನೆಲೆ ಸಿಗದೆ ತೆಳು ತಗಡಿಗೇ ಹೊಡೆಯಬೇಕಾಗುತ್ತದೆ. ಲಾಂಜೆರಾನ್ ಇನ್ನೂ ತೆರೆದಿರುವಾಗಲೇ ನಾಲ್ಕು ಕೊಂಡಿಗಳ ಜಾಗ ಗುರುತಿಸಿ ಹಿಂಬದಿಯ ತಟ್ಟೆ ಕೂರಿಸಿದರೆ ಸೇರುವ ತೂಕ ಕೆಲವು ನೂರು ಗ್ರಾಂ, ತಗಲುವ ಕೆಲಸ ಒಂದೆರಡು ದಿನ. ಆ ವಿಮಾನದಲ್ಲಿ ಮುಂದೆ ಕೂರುವ ಪ್ರತಿಯೊಬ್ಬರ ಬೆನ್ನ ಹಿಂದೆ ಅದು ಕಾವಲಿರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವಂಥ ವೈಮಾನಿಕ ತರಬೇತಿ ಶಾಲೆಗಳಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜುಗಳ ಹವ್ಯಾಸಿ ತಂಡಗಳವರೆಗೆ ವಿಮಾನ ಕಲಿಸುವ ಎಲ್ಲೆಡೆ ರೆಕ್ಕೆಯ ಪಾಠದ ಜೊತೆಗೇ ಈ ಪಾಠವೂ ನಡೆಯಬೇಕು.